ಘಟ್ಟದ ರಸ್ತೆಯಲ್ಲಿ ಕ್ಯಾಂಪರ್ ವ್ಯಾನ್: ಗೇರು ಬದಲಾವಣೆಗೆ ಸೂಕ್ತವಾದ ಇಂಜಿನ್ ವೇಗ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಗಿರಿಧಾಮವು ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿದ್ದು, ಕಲ್ಲತ್ತಿಗಿರಿ ಕಡೆಯಿಂದ ಬರುವ ರಸ್ತೆಯು ಏರು ಹಾಗೂ ತಿರುವುಗಳಿಂದ ಕೂಡಿದೆ. ಹಾಸಿಗೆ, ನೀರಿನ ತೊಟ್ಟಿ, ಅಡುಗೆ ಸಾಮಗ್ರಿಗಳ ಭಾರ ಹೊತ್ತ ಮ್ಯಾನ್ಯುಯಲ್ ಗೇರಿನ ವ್ಯಾನ್‌ಗಳ ಚಾಲಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಮೇಲಿನ ಗೇರು: ಗೇರು ಬದಲಾಯಿಸಿದ ನಂತರ ಇಂಜಿನ್ ವೇಗವು ಎಷ್ಟಕ್ಕೆ ಇಳಿಯುವುದೆಂಬುದೇ ಮುಖ್ಯ. ಟರ್ಬೋ ಡೀಸೆಲ್ ಇಂಜಿನ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ 1,500ರಿಂದ 2,500 ಸುತ್ತುಗಳ ನಡುವೆ ಹೆಚ್ಚು ಎಳೆತ ನೀಡುತ್ತವೆ. ಮೂರನೇ ಗೇರಿನ ಅನುಪಾತವು ನಾಲ್ಕನೆಯದರ ಒಂದೂವರೆ ಪಟ್ಟು ಇದ್ದಲ್ಲಿ, 2,100ರಲ್ಲಿ ಬದಲಾಯಿಸಿದರೆ ವೇಗವು 1,400ಕ್ಕೆ ಕುಸಿಯುತ್ತದೆ. 2,700ರಲ್ಲಿ ಬದಲಾಯಿಸಿದರೆ 1,800 ಉಳಿಯುತ್ತದೆ. ಏರಿನಲ್ಲಿ ಎರಡನೆಯ ಕ್ರಮವೇ ಸೂಕ್ತ.

2. ಕೆಳಗಿನ ಗೇರು: ವೇಗವು 1,500ಕ್ಕೆ ಇಳಿಯುವ ಮುನ್ನವೇ, ತಿರುವು ತಲುಪುವ ಮೊದಲೇ ಬದಲಾಯಿಸುವುದು.

3. ಇಳಿಜಾರು: ನ್ಯೂಟ್ರಲ್‌ನಲ್ಲಾಗಲಿ, ಕ್ಲಚ್ ಒತ್ತಿಕೊಂಡಾಗಲಿ ಇಳಿಯಬಾರದು. ಸತತವಾಗಿ ಒತ್ತಿದ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುವುದರಿಂದ ಪ್ರಾಣಾಪಾಯ ಸಂಭವಿಸಬಹುದು. ಹತ್ತಿದ ಗೇರಿನಲ್ಲಿ ಅಥವಾ ಅದಕ್ಕಿಂತ ಕೆಳಗಿನ ಗೇರಿನಲ್ಲಿ ಇಳಿಯುವುದು. ಆಗ ಇಂಜಿನ್ ಶಬ್ದ ಹೆಚ್ಚಾದರೂ ಮಾಪಕದ ಕೆಂಪು ಗೆರೆ ದಾಟದಿದ್ದಲ್ಲಿ ಹಾನಿಯಿಲ್ಲ.

4. ಆದ್ಯತೆ: ಕಿರಿದಾದ ಸ್ಥಳಗಳಲ್ಲಿ ಇಳಿಯುವ ವಾಹನವು ಬದಿಗೆ ನಿಂತು ಏರುವ ವಾಹನಕ್ಕೆ ದಾರಿ ಬಿಡತಕ್ಕದ್ದು.

ಸೂಚನೆ: ಮೇಲಿನ ಅಂಕಿಗಳು ಸಾಮಾನ್ಯ ಮಾರ್ಗದರ್ಶನಕ್ಕೆ ಮಾತ್ರ. ವಾಹನ ತಯಾರಕರ ಕೈಪಿಡಿಯಲ್ಲಿ ನಮೂದಿಸಿದ ಮಿತಿಗಳೇ ಅಂತಿಮ. ಲಘು ಮೋಟಾರು ವಾಹನದ ಚಾಲನಾ ಪರವಾನಗಿಯು ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ.