ಹತ್ತಿರದ ಪಟ್ಟು: ಗರಡಿಮನೆಯಿಂದ ವಿಡಿಯೊ ಪರದೆಗೆ



ತಾರಿಹಾಳದ ಕೈಗಾರಿಕಾ ಪ್ರದೇಶವಿರಲಿ, ಹುಬ್ಬಳ್ಳಿಯ ಓಣಿಯಿರಲಿ, ಇಂದು ಹುಡುಗರ ಮೊಬೈಲಿನಲ್ಲಿ ಹೊಡೆದಾಟದ ಆಟಗಳಿವೆ. ಇದೇ ಸೀಮೆಯಲ್ಲಿ ಗರಡಿಮನೆಗಳೂ ಇವೆ. ಇವೆರಡಕ್ಕೂ ನಂಟಿದೆಯೆಂದರೆ ನೀವು ನಂಬುವಿರಾ?

ಜಪಾನಿನ ಸೆಗಾ ಕಂಪನಿ 1976ರಲ್ಲಿಯೇ ‘ಹೆವಿವೇಟ್ ಚಾಂಪ್’ ಎಂಬ ಮುಷ್ಟಿಯುದ್ಧದ ಆಟವನ್ನು ತಂದಿತ್ತು. ಆದರೆ ದೂರ-ಹತ್ತಿರಗಳ ಲೆಕ್ಕಾಚಾರ ಇಂಥ ಆಟಗಳ ಜೀವಾಳವಾದದ್ದು 1991ರಲ್ಲಿ, ಕ್ಯಾಪ್‌ಕಾಮ್ ಕಂಪನಿಯ ‘ಸ್ಟ್ರೀಟ್ ಫೈಟರ್ 2’ ಬಂದ ಮೇಲೆ.

ಲೆಕ್ಕ ಸರಳವಾದುದು. ನಮ್ಮ ದೂರದರ್ಶನದಲ್ಲಿ ಸೆಕೆಂಡಿಗೆ 25 ಚಿತ್ರಗಳು ಓಡಿದರೆ, ಈ ಆಟದಲ್ಲಿ ಸುಮಾರು 60 ಓಡುತ್ತವೆ. ಹಗುರವಾದ ಗುದ್ದು ಕೆಲವೇ ಚಿತ್ರಗಳಲ್ಲಿ ತಗಲುತ್ತದೆ. ಭಾರಿ ಒದೆತಕ್ಕೆ ಹೆಚ್ಚು ಚಿತ್ರಗಳು ಬೇಕು. ಆದ್ದರಿಂದ ತೀರ ಸಮೀಪದಲ್ಲಿ ಬಲಕ್ಕಿಂತ ವೇಗಕ್ಕೇ ಬೆಲೆ. ಎದುರಾಳಿ ಹೊಡೆತಗಳನ್ನು ತಡೆಯುತ್ತ ನಿಂತುಬಿಟ್ಟರೆ? ಅವನನ್ನು ಹಿಡಿದು ಎಸೆಯಬಹುದು. ತಡೆಗೆ ಗುದ್ದು ನಿಲ್ಲುತ್ತದೆ, ಹಿಡಿತ ನಿಲ್ಲುವುದಿಲ್ಲ. ಆದರೆ ಹಿಡಿಯಬೇಕೆಂದರೆ ಪೆಟ್ಟಿನ ಹಾದಿಯನ್ನು ದಾಟಿಯೇ ಹತ್ತಿರ ಬರಬೇಕು. ಹೀಗೆ ಎಸೆಯುವುದು ಅನ್ಯಾಯವೆಂದು ಹಲವು ಆಟಗಾರರು ದೂರುತ್ತಿದ್ದರು. 1994ರ ‘ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ’ದಲ್ಲಿ, ತಕ್ಕ ಸಮಯಕ್ಕೆ ಗುಂಡಿ ಒತ್ತಿದರೆ ಎಸೆತದ ಪೆಟ್ಟು ಕಡಿಮೆಯಾಗುವ ಏರ್ಪಾಡು ಬಂದಿತು.

ಇಲ್ಲೊಂದು ಸಂಗತಿಯನ್ನು ಗಮನಿಸಿ. ಈ ಆಟದಲ್ಲಿ ಭಾರತವನ್ನು ಪ್ರತಿನಿಧಿಸುವವನು ಧಾಲ್ಸಿಮ್ ಎಂಬ ಯೋಗಿ. ಅವನು ಕೈಕಾಲುಗಳನ್ನು ಮಾರುದ್ದ ಚಾಚಿ ದೂರದಿಂದ ಹೊಡೆಯುತ್ತಾನೆ. ಹಿಡಿದು ಎತ್ತಿ ಅಪ್ಪಳಿಸುವ ಪೈಲ್ವಾನನ ಪಾತ್ರವಾದರೋ ಜಾಂಗೀಫ್‌ನದು. ಅವನು 1991ರ ಡಿಸೆಂಬರಿನಲ್ಲಿ ವಿಸರ್ಜನೆಗೊಂಡ ಸೋವಿಯತ್ ಒಕ್ಕೂಟದವನು.

ನಮ್ಮ ಇತಿಹಾಸ ಹೇಳುವುದೇ ಬೇರೆ. ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ಗ್ರಂಥವನ್ನು ರಚಿಸಿದನು. ಅರಸನ ವಿನೋದಗಳ ಸಾಲಿನಲ್ಲಿ ಅವನು ಮಲ್ಲವಿನೋದಕ್ಕೂ ಸ್ಥಾನ ಕೊಟ್ಟು, ಮಲ್ಲರ ಸಾಧನೆಯನ್ನೂ ಕಾಳಗವನ್ನೂ ವರ್ಣಿಸಿದ್ದಾನೆ. ಮೈಗೆ ಮೈ ತಾಗುವ ಸೆಣಸಾಟ ಈ ನೆಲದಲ್ಲಿ ಅಂದೇ ಶಾಸ್ತ್ರವಾಗಿತ್ತು.

ಆಟವನ್ನು ಬಿಟ್ಟುಬಿಡಿರೆಂದು ನಾನು ಹೇಳುತ್ತಿಲ್ಲ. ಆದರೆ ಮುಂದಿನ ಜಾತ್ರೆಯ ಕುಸ್ತಿಯನ್ನು ಕಣದ ಪಕ್ಕದಲ್ಲಿಯೇ ನಿಂತು ನೋಡಿರಿ. ಪಟ್ಟು ಹಾಕುವ ಮುನ್ನ ಪೈಲ್ವಾನರು ಅಂತರವನ್ನು ಹೇಗೆ ಅಳೆಯುತ್ತಾರೆ, ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆಯೆಂದು ಹೇಗೆ ಅರಿಯುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿರಿ. ನಾಳೆ ಇಂಥ ಆಟಗಳನ್ನು ರಚಿಸುವವರು ನಿಮ್ಮಲ್ಲಿಯೂ ಇರಬಹುದು. ಆಗ ನಮ್ಮ ಪೈಲ್ವಾನನನ್ನು ಪರದೆಗೆ ತರಲು ಆ ಟಿಪ್ಪಣಿ ಬೇಕಾದೀತು.