ಪೀಠದ ಕೆಳಗಿದ್ದ ಶಾಸನ: ಸನ್ನತಿಗೆ ಒಂದು ದಿನದ ಯಾತ್ರೆ



ಕಲಬುರಗಿಗೆ ಶ್ರೀ ಶರಣಬಸವೇಶ್ವರರ ದರ್ಶನಕ್ಕೆಂದು ಬರುವ ಭಕ್ತಾದಿಗಳಲ್ಲಿ ಅನೇಕರು ದರ್ಶನವಾದೊಡನೆಯೇ ತಮ್ಮ ಊರುಗಳಿಗೆ ಹಿಂದಿರುಗುತ್ತಾರೆ. ಇನ್ನೊಂದು ದಿನ ತಂಗಲು ಅನುಕೂಲವುಳ್ಳವರು ಭೀಮಾನದಿಯ ದಡದಲ್ಲಿರುವ ಸನ್ನತಿಯನ್ನೂ ನೋಡಿ ಬರಬೇಕೆಂದು ನಮ್ಮ ಬಿನ್ನಹ. ನಗರದಿಂದ ಬೆಳಿಗ್ಗೆ ಹೊರಟರೆ ಸಾಯಂಕಾಲಕ್ಕೆ ಮರಳಬಹುದು. ರೈಲಿನಲ್ಲಿ ಬರುವವರಿಗೆ ವಾಡಿ–ರಾಯಚೂರು ಮಾರ್ಗದ ನಾಲವಾರ ನಿಲ್ದಾಣವು ಸಮೀಪವಾಗುತ್ತದೆ.

ಸನ್ನತಿಯು ಶ್ರೀ ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದು ಬಹುಕಾಲದಿಂದ ಪ್ರಸಿದ್ಧವಾಗಿದೆ. 1954ರಲ್ಲಿ ಕಪಟರಾಳ ಕೃಷ್ಣರಾಯರು ಇಲ್ಲಿಯ ಪ್ರಾಚೀನ ಅವಶೇಷಗಳನ್ನು ವಿದ್ವಾಂಸರ ಗಮನಕ್ಕೆ ತಂದರು. ಆದರೂ ಇಲ್ಲಿಯ ಅತ್ಯಮೂಲ್ಯವಾದ ಶಿಲೆಯು ಮತ್ತೆ ಮೂರು ದಶಕಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. 1986ರಲ್ಲಿ ದೇವಸ್ಥಾನದ ಆವರಣದ ಕಾಳಿಕಾ ಗುಡಿಯ ಛಾವಣಿ ಕುಸಿದು ವಿಗ್ರಹಕ್ಕೆ ಧಕ್ಕೆಯಾಯಿತು. ಆಗ ವಿಗ್ರಹದ ಪೀಠವಾಗಿದ್ದ ಕಲ್ಲು ಹೊರಬಿದ್ದಿತು. ಅದರ ಎರಡೂ ಮುಖಗಳಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಬರಹವಿದ್ದಿತು. ಅದು ಕ್ರಿ.ಪೂ. 3ನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನ!

ಮಸ್ಕಿ, ಬ್ರಹ್ಮಗಿರಿ ಮೊದಲಾದ ಕಡೆಗಳಲ್ಲಿ ದೊರೆತವು ಅಶೋಕನ ಲಘು ಶಿಲಾಶಾಸನಗಳು. ಸನ್ನತಿಯ ಕಲ್ಲಿನಲ್ಲಾದರೋ 12 ಮತ್ತು 14ನೆಯ ಶಿಲಾಶಾಸನಗಳ ಹಾಗೂ ಒಡಿಶಾದ ಧೌಲಿ, ಜೌಗಡಗಳಲ್ಲಿರುವ ಎರಡು ಪ್ರತ್ಯೇಕ ಶಾಸನಗಳ ಭಾಗಗಳಿವೆ. ಕರ್ನಾಟಕದಲ್ಲಿ ಇಂತಹುದು ಇದೊಂದೇ.

ಆ 12ನೆಯ ಶಾಸನದ ಆಶಯವನ್ನು ವಾಚಕರು ಮನನ ಮಾಡಬೇಕು. ತನ್ನ ಮತವನ್ನು ಹೊಗಳುವ ಭರದಲ್ಲಿ ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ. ಆದುದರಿಂದ ಮಾತಿನಲ್ಲಿ ಸಂಯಮವಿರಬೇಕು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕು ಎಂಬುದೇ ಅದರ ಸಾರ. ಇಂತಹ ನುಡಿಗಳನ್ನು ಹೊತ್ತ ಕಲ್ಲಿನ ನಡುವೆ, ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ, ಚೌಕಾಕಾರದ ರಂಧ್ರವನ್ನು ಕೊರೆಯಲಾಗಿದೆ. ಅಲ್ಲಿದ್ದ ಅಕ್ಷರಗಳು ಶಾಶ್ವತವಾಗಿ ಅಳಿದುಹೋದವು.

ಕೊರೆದವರನ್ನು ನಾವು ದೂರಲಾಗದು. ಆ ಲಿಪಿಯನ್ನು ಓದುವ ವಿದ್ಯೆಯನ್ನು ನಾಡೆಲ್ಲ ಮರೆತಿದ್ದಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಓದಿದ ಬಳಿಕವಷ್ಟೇ ಅಶೋಕನ ಶಾಸನಗಳು ಮತ್ತೆ ಮಾತನಾಡಿದವು. ಪೂಜೆಗೆ ಸಲ್ಲುವ ಕಲ್ಲೆಂದು ಗುಡಿಯೊಳಗೆ ಇಟ್ಟುದರಿಂದಲೇ ಉಳಿದ ಅಕ್ಷರಗಳು ಬಿಸಿಲು ಮಳೆಗಳಿಂದ ಪಾರಾದುವೆಂದೂ ಹೇಳಬಹುದು. ಭಕ್ತಿಯು ಕಾಪಾಡಿತು, ಅರಿವಿನ ಕೊರತೆಯು ಕೆಡಿಸಿತು.

ಸನ್ನತಿಯಿಂದ ಅನತಿದೂರದಲ್ಲಿ ಕನಗನಹಳ್ಳಿಯಿದೆ. ಅಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ನಡೆಸಿದ ಉತ್ಖನನದಲ್ಲಿ, ಸುಣ್ಣಕಲ್ಲಿನ ಕೆತ್ತನೆಯ ಚಪ್ಪಡಿಗಳಿಂದ ಅಲಂಕೃತವಾಗಿದ್ದ ಬೌದ್ಧ ಮಹಾಸ್ತೂಪವು ಬೆಳಕಿಗೆ ಬಂದಿತು. ಜಾತಕ ಕಥೆಗಳೂ ಶಾತವಾಹನ ಅರಸರ ಶಿಲ್ಪಗಳೂ ಅಲ್ಲಿವೆ. ಒಂದು ಚಪ್ಪಡಿಯಲ್ಲಿ ರಾಣಿಯೊಡನೆ ನಿಂತ ಅರಸನ ಶಿಲ್ಪವಿದ್ದು, ಅವನು ರಾಜ ಅಶೋಕನೆಂದು ಬ್ರಾಹ್ಮೀ ಅಕ್ಷರಗಳಲ್ಲಿ ಕೊರೆದಿದೆ. ಅಶೋಕನು ಗತಿಸಿ ಬಹುಕಾಲದ ಮೇಲೆ ಶಿಲ್ಪಿಯು ಕಡೆದುದಾದರೂ, ಹೆಸರನ್ನು ಬರೆದಿರಿಸಿದುದರಿಂದಲೇ ಇಂದು ಆ ಅರಸನನ್ನು ಗುರುತಿಸಲು ಸಾಧ್ಯವಾಗಿದೆ.

ಭಕ್ತ ಮಹನೀಯರೇ, ಇಂದು ನಮ್ಮ ಗ್ರಾಮಗಳಲ್ಲಿ ಹಳೆಯ ಗುಡಿಗಳ ಜೀರ್ಣೋದ್ಧಾರವು ಉತ್ಸಾಹದಿಂದ ನಡೆಯುತ್ತಿರುತ್ತದೆ. ಇದು ಸಂತೋಷದ ವಿಷಯವೇ. ಆದರೆ ಹಳೆಯ ಕಲ್ಲನ್ನು ಒಡೆಯುವ ಮುನ್ನ, ಅದಕ್ಕೆ ಸುಣ್ಣ ಬಳಿಯುವ ಮುನ್ನ, ಮಗುಚಿ ಮೆಟ್ಟಿಲಾಗಿಸುವ ಮುನ್ನ ಒಮ್ಮೆ ನೀರೆರೆದು ತೊಳೆದು ನೋಡಿರಿ. ಅಕ್ಷರಗಳು ಕಂಡರೆ ಕಲ್ಲನ್ನು ಕದಲಿಸದೆ ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಅಂದು ಓದಲು ಬಾರದವರು ಕೊರೆದರು. ಇಂದು ಓದಬಲ್ಲವರು ನಮ್ಮಲ್ಲಿದ್ದಾರೆ. ನಮಗೆ ಆ ಕ್ಷಮೆ ದೊರೆಯದು.