ಜೀಪಿನ್ಯಾಗಿನ ಎರಡು ಸಣ್ಣ ಗೇರು

ನಮ್ಮ ಹಿತ್ತಲದಾಗ, ದನದ ಕೊಟ್ಟಿಗಿ ಮಗ್ಗಲಕ್ಕ ಒಂದು ಹಳೇ ಜೀಪ್ ನಿಂತೈತಿ. ಸನವಳ್ಳಿಗೆ ಬಂದವರೆಲ್ಲಾ ಅದನ್ನ ನೋಡೀರಿ. ಕೋಳಿ ಅದರ ಹಿಂದಿನ ಸೀಟಿನ್ಯಾಗ ತತ್ತಿ ಇಡ್ತಾವು. ಈ ಸಲ ಅದರ ಬಗ್ಗೆ ಬರೀತೀನಿ ಅಂದಾಗ ನಮ್ಮನಿಯವರು ನಕ್ರು. "ಕರಿಗಡಬು ಬಗ್ಗೆ ಬರಿ, ಮಂದಿ ಓದ್ತಾರ. ಜೀಪಿಂದು ನಿನಗೇನು ಗೊತ್ತು?" ಅಂದ್ರು. ಗೊತ್ತಿರಲಿಲ್ಲ, ಖರೇನ. ಗೊತ್ತು ಮಾಡ್ಕೊಳ್ಳಾಕ ಮೂವತ್ತು ವರ್ಷ ಹಿಡೀತು. ಅದಕ್ಕ ಬರಿಯೂದು.

ಈ ಜೀಪನ್ನ ನಮ್ಮ ಮಾವನವರು 1988ರಾಗ ಒಂದು ಸರಕಾರಿ ಹರಾಜಿನ್ಯಾಗ ಹಿಡದಿದ್ರು. ನಾನು ಮದುವಿಯಾಗಿ ಬಂದಾಗ ಅದು ಮನಿ ಅಳಿಯ ಇದ್ದಂಗ ಇತ್ತು, ಎಲ್ಲಾರೂ ಅದಕ್ಕ ಮರ್ಯಾದಿ ಕೊಡೂದು. ಡ್ರೈವರ್ ಕಾಲಿನ ಮಗ್ಗಲಕ್ಕ ನೆಲದಾಗಿಂದ ಮೂರು ಕೋಲು ಎದ್ದಿದ್ವು. ಉದ್ದಂದು ಗೇರು, ಅದು ಎಲ್ಲಾರಿಗೂ ಗೊತ್ತು. ಉಳದ ಎರಡು ಗಿಡ್ಡ ಕೋಲು ಯಾಕ ಅಂತ ಯಾರೂ ಹೇಳತಿರಲಿಲ್ಲ. ನಮ್ಮತ್ತಿಯವರು ಅದಕ್ಕ ಸಂತಿ ಚೀಲ ಸಿಗಿಸ್ತಿದ್ರು. ನಾನು ಒಂದ್ಸಲ ಕೇಳಿದ್ದೆ. "ಅದು ಮುಟ್ಟೂದಲ್ಲವಾ. ಮುಟ್ಟಿದ್ರ ಎಣ್ಣಿ ಕುಡೀತೈತಿ, ಪೆಟ್ಟಿಗಿ ಒಡೀತೈತಿ" ಅಂದ್ರು ಮಾವನವರು. ಡ್ಯಾಶ್‌ಬೋರ್ಡಿನ ಮ್ಯಾಲೆ ಒಂದು ತಗಡಿನ ಪಟ್ಟಿ ಇತ್ತು. ಅದರ ಮ್ಯಾಲೆ ಉಳವಿ ಚನ್ನಬಸವಣ್ಣನ ಫೋಟೋ ಅಂಟಿಸಿದ್ರು. ಈ ಪಟ್ಟಿ ನೆನಪಿರ್ಲಿ, ಮುಂದ ಬರ್ತೈತಿ.

1994ರ ಜುಲೈ ತಿಂಗಳು. ನನ್ನ ನಾದಿನಿ ಚೊಚ್ಚಲ ಹೆರಿಗಿಗೆ ತವರಿಗೆ ಬಂದಿದ್ಲು. ರಾತ್ರಿ ಹತ್ತಕ್ಕ ಬ್ಯಾನಿ ಸುರುವಾತು, ಒಂದಕ್ಕ ಸೂಲಗಿತ್ತಿ ಕೈ ಚೆಲ್ಲಿ "ಮುಂಡಗೋಡಕ್ಕ ಒಯ್ರಿ, ನನ್ನ ಕಡಿಂದ ಆಗೂದಿಲ್ಲ" ಅಂದ್ಲು. ಆಗ ನಮ್ಮ ಹೊಲದ ಮನಿಯಿಂದ ದೊಡ್ಡ ರಸ್ತೆ ತನಕ ಡಾಂಬರ ಇರಲಿಲ್ಲ. ನಡುವ ಒಂದು ತಗ್ಗು ಬರ್ತೈತಿ, ಮಳಿಗಾಲದಾಗ ಅದು ಬರೇ ರಾಡಿ. ಜೀಪ್ ಅಲ್ಲಿ ಹುಗೀತು. ಹಿಂದಿನ ಎಡಗಾಲಿ ಗರಗರ ತಿರುಗೂದು, ಉಳದ ಮೂರೂ ಗಾಲಿ ಸುಮ್ನ ನಿಂತಾವು. ಡ್ರೈವರ್ ಎಕ್ಸಲೇಟರ್ ಒತ್ತಿದಷ್ಟೂ ಆ ಗಾಲಿ ಇನ್ನಷ್ಟು ಇಳೀತು. ನಾನು ಕಂದೀಲು ಹಿಡಕೊಂಡು ಮಳಿಯಾಗ ನಿಂತಿದ್ದೆ. ನಾದಿನಿ ಒಳಗ ಕೌದಿ ಕಚ್ಚಿಕೊಂಡು ಒದ್ದಾಡತಿದ್ಲು. ನಮ್ಮನಿಯವರು ಓಡಿ ಹೋಗಿ ಮನಿ ಎತ್ತು ಹೊಡಕೊಂಡು ಬಂದು, ಹಗ್ಗ ಕಟ್ಟಿ, ಎಳದು ಮ್ಯಾಲೆ ತರಾಕ ಎರಡು ತಾಸು. ಮುಂಡಗೋಡಿನ್ಯಾಗ ನೋಡಿ ಹುಬ್ಬಳ್ಳಿಗೆ ಕಳಿಸಿದ್ರು. ಕೂಸು ಉಳೀತು. ಆಕಿನೂ ಉಳದ್ಲು. ಗರ್ಭಚೀಲ ತಗೀಬೇಕಾತು. ಆ ಎರಡು ತಾಸಿನ ಮಾತು ನಮ್ಮನಿಯಾಗ ಯಾರೂ ಬಾಯಿಬಿಟ್ಟು ಆಡಿಲ್ಲ.

ಆ ರಾತ್ರಿ ಡ್ರೈವರ್ ಕಾಲ ಮಗ್ಗಲಕ್ಕ ಆ ಎರಡು ಗಿಡ್ಡ ಕೋಲು ಇದ್ವು. ಒಂದಕ್ಕ ಬಾಣಂತಿ ಅರಿವಿ ಚೀಲ ಸಿಗಿಸಿದ್ದೆ. ನಾನ ಸಿಗಿಸಿದ್ದೆ.

ಈಗ ಆ ಕೋಲು ನಮ್ಮ ಹಿತ್ತಲಕ್ಕ ಎಲ್ಲಿಂದ ಬಂದ್ವು ಅನ್ನೂದು. ಅದು ದೊಡ್ಡ ಕತಿ.

ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಕೊಡೂ ವಿಚಾರ ಜೀಪಿಗಿಂತ ಹಳೇದು. ಅಮೆರಿಕಾದ ವಿಸ್ಕಾನ್ಸಿನ್ ರಾಜ್ಯದಾಗ ಕ್ಲಿಂಟನ್‌ವಿಲ್ ಅಂತ ಒಂದು ಸಣ್ಣ ಊರು. ಅಲ್ಲಿ 1909ರ ಸುಮಾರಿಗೆ ಫೋರ್ ವೀಲ್ ಡ್ರೈವ್ ಅನ್ನೂ ಹೆಸರಿನ ಕಂಪನಿನ ಹುಟ್ಟಿತು. ಮೊದಲನೇ ಮಹಾಯುದ್ಧದಾಗ ಅವರ ಮಾಡೆಲ್ ಬಿ ಟ್ರಕ್ಕು ಸಾವಿರಗಟ್ಟಲೆ ಸೈನ್ಯಕ್ಕ ಹೋದ್ವು. ಗಂಡಸರು ಯುದ್ಧಕ್ಕ ಹೋದ ಮ್ಯಾಲೆ ಕಾರ್ಖಾನಿಯಾಗ ಹೆಣ್ಮಕ್ಕಳನ್ನ ತಗೊಂಡ್ರು. ಅವರಾಗ ಲೂಯೆಲ್ಲಾ ಬೇಟ್ಸ್ ಅಂತ ಒಬ್ಬಾಕಿ, 1897ರಾಗ ಹುಟ್ಟಿದಾಕಿ. 1918ರಿಂದ ಆ ಟ್ರಕ್ಕುಗಳನ್ನ ರಸ್ತೆಗೆ ತಗೊಂಡು ಹೋಗಿ ಪರೀಕ್ಷೆ ಮಾಡೂ ಕೆಲಸ ಆಕಿದು. ಯುದ್ಧ ಮುಗೀತು, ಬಹಳಷ್ಟು ಹೆಣ್ಮಕ್ಕಳನ್ನ ಮನಿಗೆ ಕಳಿಸಿದ್ರು, ಈಕಿನ್ನ ಮಾತ್ರ ಇಟ್ಕೊಂಡ್ರು. 1920ರಾಗ ನ್ಯೂಯಾರ್ಕಿಗೆ ಹೋಗಿ ಅಲ್ಲಿ ಟ್ರಕ್ ಲೈಸೆನ್ಸ್ ತಗೊಂಡ ಮೊದಲ ಹೆಣ್ಮಗಳಾದ್ಲು. ಟ್ರಕ್ಕಿನ ರಿಪೇರಿನೂ ತಾನ ಮಾಡ್ಕೋತಿದ್ಲಂತ. ನಾನು ಇದನ್ನ ಓದಿ ನಮ್ಮನಿಯವರಿಗೆ ಎರಡು ಸಲ ಹೇಳಿದೆ. ಎರಡನೇ ಸಲ ಸ್ವಲ್ಪ ಜೋರಾಗಿ.

ಜೀಪ್ ಬಂದಿದ್ದು ಎರಡನೇ ಮಹಾಯುದ್ಧಕ್ಕ. 1940ರಾಗ ಅಮೆರಿಕಾದ ಸೈನ್ಯ 135 ಕಂಪನಿಗಳಿಗೆ ಕಾಗದ ಬರದು, ಹಗುರ, ನಾಲ್ಕೂ ಗಾಲಿ ಎಳಿಯೂ ಒಂದು ಸಣ್ಣ ಗಾಡಿ ಬೇಕು, 49 ದಿನದಾಗ ಮಾದರಿ ತೋರಸ್ರಿ ಅಂತ ಕೇಳ್ತು. ಬ್ಯಾಂಟಮ್ ಅನ್ನೂ ಸಣ್ಣ ಕಂಪನಿ ಆ ವಾಯಿದಾದಾಗ ಮಾಡಿ ತಂದು ನಿಲ್ಲಿಸ್ತು. ಆದರ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲೀಸ್ ಮತ್ತ ಫೋರ್ಡ್ ಕಂಪನಿಗೆ. ಅಡಗಿ ಮಾಡಿದಾಕಿ ಒಬ್ಬಾಕಿ, ಬಡಿಸಿ ಹೆಸರು ತಗೊಂಡವರು ಬ್ಯಾರೆಯವರು, ಹಂಗಾತು. ಯುದ್ಧ ಮುಗಿಯೂದ್ರಾಗ ಆ ಎರಡು ಕಂಪನಿ ಕೂಡಿ 6 ಲಕ್ಷಕ್ಕೂ ಮ್ಯಾಲೆ ಜೀಪ್ ಮಾಡಿದ್ವು. 1945ರಾಗ ವಿಲ್ಲೀಸಿನವರು ಅದನ್ನ ರೈತರಿಗೆ ಮಾರಾಕ ಹೊಂಟ್ರು. ಸಿಜೆ ಅಂತ ಹೆಸರಿಟ್ರು, ಅಂದ್ರ ನಾಗರಿಕರ ಜೀಪು. ಹೊಲ ಊಳ್ತೈತಿ, ಯಂತ್ರ ತಿರಗಸ್ತೈತಿ ಅಂತ ಜಾಹೀರಾತು.

ನಮ್ಮ ದೇಶದಾಗ ಅದೇ 1945ರ ಅಕ್ಟೋಬರ್ 2ಕ್ಕ ಮಹೀಂದ್ರ ಅಂಡ್ ಮೊಹಮ್ಮದ್ ಅಂತ ಒಂದು ಉಕ್ಕಿನ ವ್ಯಾಪಾರದ ಕಂಪನಿ ಸುರುವಾಗಿತ್ತು. ದೇಶ ಒಡೀತು, ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕ ಹೋಗಿ ಅಲ್ಲಿ ಹಣಕಾಸು ಮಂತ್ರಿ, ಆಮ್ಯಾಲೆ ಗವರ್ನರ್ ಜನರಲ್ ಆದ್ರು. ಇಲ್ಲಿ ಕಂಪನಿ 1948ರಾಗ ಮಹೀಂದ್ರ ಅಂಡ್ ಮಹೀಂದ್ರ ಆತು. ಅವರು 1947ರಿಂದ ಮುಂಬೈಯಾಗ ವಿಲ್ಲೀಸ್ ಜೀಪಿನ ಭಾಗ ತರಿಸಿ ಜೋಡಿಸಾಕ ಹತ್ತಿದ್ರು. ನಮ್ಮ ಉತ್ತರ ಕನ್ನಡ ಜಿಲ್ಲಾ 1956ರ ನವೆಂಬರ್ 1ರ ತನಕ ಮುಂಬೈ ರಾಜ್ಯದಾಗ ಇತ್ತಲ್ಲ, ಆಗಿನ ಲೆಕ್ಕದಾಗ ಜೀಪ್ ನಮ್ಮ ರಾಜಧಾನಿಯಾಗ ತಯಾರಾಗೂ ಗಾಡಿ.

ಹಳ್ಳಿಗೆ ಅದು ಬಂದಿದ್ದು ಸರಕಾರದ ಜೋಡಿ. 1952ರ ಅಕ್ಟೋಬರ್ 2ಕ್ಕ ಸಮುದಾಯ ಅಭಿವೃದ್ಧಿ ಯೋಜನೆ ಸುರುವಾಗಿ ಬ್ಲಾಕು, ಬಿಡಿಓ ಅನ್ನೂ ಹೆಸರು ಬಂದ್ವು. ಬಿಡಿಓ ಅಂದ್ರ ಜೀಪು. ಇನ್ನೊಂದು, ಮಲೇರಿಯಾ. ಮುಂಡಗೋಡ, ಹಳಿಯಾಳ, ಸೂಪಾ ಕಡೆ ಚಳಿಜ್ವರ ಎಷ್ಟು ಮನಿ ಖಾಲಿ ಮಾಡೈತಿ ಅಂತ ಹಿರಿಯರಿಂದ ಕೇಳೀರಿ. ಸ್ವಾತಂತ್ರ್ಯಕ್ಕೂ ಮೊದಲ ಡಾ. ಡಿ.ಕೆ. ವಿಶ್ವನಾಥನ್ ಅನ್ನೂವರ ಮುಂದಾಳತ್ವದಾಗ ನಮ್ಮ ಕೆನರಾ ಮತ್ತ ಧಾರವಾಡ ಜಿಲ್ಲೆಯ ಹಳ್ಳಿಯೊಳಗ ಮನಿ ಗ್ವಾಡಿಗೆ ಡಿಡಿಟಿ ಹೊಡದಿದ್ರು. ಅದು ಫಲ ಕೊಟ್ಟಿತು. 1953ರಾಗ ದೇಶಕ್ಕೆಲ್ಲಾ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ನಾನು ಸಣ್ಣಾಕಿದ್ದಾಗ ಡಿಡಿಟಿಯವರು ಜೀಪಿನ್ಯಾಗ ಬರೂದು, ನಾವು ಅದರ ಹಿಂದ ಓಡೂದು, ಅವ್ವ ಅಡಗಿಮನಿ ಭಾಂಡಿ ಎಲ್ಲಾ ಹೊರಗ ತಂದು ಹೊಚ್ಚಿಡೂದು ನೆನಪೈತಿ. ನಮ್ಮ ಜೀಪೂ ಯಾವುದೋ ಆಫೀಸಿನ ಕೆಲಸ ಮುಗಿಸಿ ಹರಾಜಿಗೆ ಬಂದಿದ್ದು.

ಒಂದು ಮಾತು. ಜೀಪ್ ಅಂದಕೂಡಲೇ ಫೋರ್ ವೀಲ್ ಅಲ್ಲ. ಸಂತಿಗೆ ಮಂದಿ ತುಂಬಿಕೊಂಡು ಹೋಗೂ ಟ್ರ್ಯಾಕ್ಸು, ಕಮಾಂಡರು ಬಹಳಷ್ಟು ಹಿಂದಿನ ಎರಡು ಗಾಲಿಯಿಂದ ಓಡೂವು. ಗಿಡ್ಡ ಕೋಲು ಇದ್ರ ಮಾತ್ರ ಆ ಬಲ.

ಇನ್ನ, ಆ ರಾತ್ರಿ ಯಾಕ ಒಂದ ಗಾಲಿ ತಿರುಗ್ತು? ಇದು ನನಗ ಹಂತಿ ನೆನಸಿಕೊಂಡಾಗ ತಿಳೀತು. ಕಣದಾಗ ಮೇಟಿ ಸುತ್ತ ಎತ್ತು ಸಾಲಾಗಿ ತಿರುಗ್ತಾವಲ್ಲ, ಮೇಟಿ ಮಗ್ಗಲಿನ ಎತ್ತು ಸಣ್ಣ ಸುತ್ತು ತಿರುಗ್ತೈತಿ, ಹೊರಗಿನ ಎತ್ತು ದೊಡ್ಡ ಸುತ್ತು. ಗಾಡಿ ಹೊಳ್ಳಿದಾಗ ಗಾಲಿಗೂ ಹಂಗ. ಹೊರಗಿನ ಗಾಲಿ ಜಾಸ್ತಿ ದೂರ ಹೋಗಬೇಕು. ಅದಕ್ಕ ಹಿಂದಿನ ಎರಡು ಗಾಲಿ ನಡುವ ಡಿಫರೆನ್ಶಿಯಲ್ ಅಂತ ಗೇರಿನ ಗುಂಡು ಇಟ್ಟಾರ. ಒಂದು ಜೋರು, ಒಂದು ಸಾವಕಾಶ ತಿರುಗಾಕ ಬಿಡ್ತೈತಿ. ಒಣ ರಸ್ತೆ ಮ್ಯಾಲೆ ಇದು ಭಾಳ ಒಳ್ಳೇದು. ರಾಡಿಯಾಗ ಇದ ವೈರಿ. ಯಾಕಂದ್ರ ಜಾರೂ ಗಾಲಿ ಸುಮ್ನ ತಿರುಗಿಬಿಡ್ತೈತಿ, ಗಟ್ಟಿ ನೆಲದ ಮ್ಯಾಲಿನ ಗಾಲಿ ನಿಂತುಬಿಡ್ತೈತಿ.

ಗಿಡ್ಡ ಕೋಲಿನಾಗ ಒಂದು, ಮುಂದಿನ ಗಾಲಿಗಳನ್ನ ಕೆಲಸಕ್ಕ ಹಚ್ಚೂದು. ಅದನ್ನ ಹಾಕಿದ್ರ ಬಲ ಮುಂದಕ್ಕೂ ಹೋಗ್ತೈತಿ, ಹಿಂದಿನ ಗಾಲಿ ಜಾರಿದ್ರೂ ಮುಂದಿಂದು ಎಳೀತೈತಿ. ಎರಡನೇದು ಹೈ ಮತ್ತ ಲೋ. ಲೋಕ್ಕ ಹಾಕಿದ್ರ ಗಾಡಿ ಭಾಳ ಸಾವಕಾಶ ಹೋಗ್ತೈತಿ, ಆದರ ಬಲ ಸುಮಾರು ಎರಡೂವರೆ ಪಟ್ಟು. ಮುಂದಿನ ಗಾಲಿ ಹಾಕದ ಲೋ ಬೀಳೂದಿಲ್ಲ, ಹಂಗ ಒಳಗ ತಡಿ ಇಟ್ಟಾರ. ಇಲ್ಲಂದ್ರ ಅಷ್ಟೂ ಬಲ ಹಿಂದಿನ ಎಕ್ಸೆಲ್ ಒಂದಕ್ಕ ಬಿದ್ದು ಮುರೀತೈತಿ. ಈಗಿನ ಗಾಡಿಯಾಗ ಎರಡೂ ಕೂಡಿ ಒಂದ ಕೋಲು. 2ಎಚ್, 4ಎಚ್, ಎನ್, 4ಎಲ್ ಅಂತ ಬರದಿರ್ತೈತಿ. ದಿನಾ ಓಡಾಡಾಕ 2ಎಚ್. ರಾಡಿ, ಉಸುಕು, ಜಾರೂ ಕಚ್ಚಾ ರಸ್ತೆಗೆ 4ಎಚ್. ಹುಗದಾಗ, ಇಲ್ಲಾ ಭಾಳ ಕಡಿದಾದ ಏರಿ ಇಳಿಜಾರಿಗೆ 4ಎಲ್, ಅದನ್ನ ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ ಹಾಕಬೇಕು. ಇಳಿಜಾರಿನಾಗ ಲೋದಾಗ ಮೊದಲನೇ ಗೇರು ಹಾಕಿದ್ರ ಎಂಜಿನ್ನ ಗಾಡಿ ತಡದು ಹಿಡೀತೈತಿ, ಕ್ಲಚ್ ಮುಟ್ಟಬಾರದು.

ಕೆಲವು ಹಳೇ ಜಿಪ್ಸಿಗಳಿಗೆ ಮುಂದಿನ ಗಾಲಿ ನಡುವ ಒಂದು ಗುಬ್ಬಿ ಇರ್ತೈತಿ, ಇಳದು ಕೈಲೆ ಅದನ್ನ ತಿರುವಿ ಲಾಕ್ ಮಾಡಬೇಕು. ಅದನ್ನ ಮರತು ಒಳಗ ಕೋಲು ಎಷ್ಟು ಎಳದ್ರೂ ಮುಂದಿನ ಗಾಲಿ ಏಳೂದಿಲ್ಲ. ರಾಡಿಯಾಗ ಇಳದ ಮ್ಯಾಲೆ ಗಾಲಿಗೆ ಕೈ ಹಾಕೂದು ಯಾರಿಗೆ ಬೇಕು, ಮೊದಲ ಮಾಡ್ಕೋಬೇಕು.

ಮಾವನವರು ಪೆಟ್ಟಿಗಿ ಒಡೀತೈತಿ ಅಂದಿದ್ದು ಪೂರಾ ಸುಳ್ಳಲ್ಲ. ಡಾಂಬರ ಮ್ಯಾಲೆ ಹಾಕಿ ಓಡಿಸಿದ್ರ ಒಡೀತೈತಿ. ಹೊಳ್ಳೂವಾಗ ಮುಂದಿನ ಗಾಲಿ ಹಿಂದಿನ ಗಾಲಿಗಿಂತ ದೊಡ್ಡ ಸುತ್ತು ಹೋಗ್ತಾವು, ಆದರ ಫೋರ್ ವೀಲಿನ್ಯಾಗ ಮುಂದು ಹಿಂದು ಎರಡನ್ನೂ ಒಂದ ನೊಗಕ್ಕ ಕಟ್ಟಿದಂಗ. ರಾಡಿಯಾಗ ಟಯರ್ ಸ್ವಲ್ಪ ಜಾರಿ ಲೆಕ್ಕ ಸರಿ ಮಾಡ್ಕೋತೈತಿ. ಒಣ ಡಾಂಬರ ಜಾರಾಕ ಬಿಡೂದಿಲ್ಲ, ಆ ಬಿಗುವು ಗೇರಿನೊಳಗ ಕೂಡ್ತೈತಿ. ಸ್ಟೇರಿಂಗ್ ಭಾರ ಆಗ್ತೈತಿ, ಕೋಲು ಹೊಳ್ಳಿ ಬರೂದಿಲ್ಲ. ಹಂಗಾದ್ರ ನಾಕು ಮಾರು ನೆಟ್ಟಗ ಹಿಂದಕ್ಕ ತಗೊಂಡ್ರ ಬಿಗುವು ಬಿಟ್ಟು ಬರ್ತೈತಿ. ಮಾವನವರು ಯಾವಾಗೋ ಯಾರಿಂದಲೋ ಅರ್ಧಾ ಮಾತು ಕೇಳಿದ್ರು. "ಡಾಂಬರ ಮ್ಯಾಲೆ" ಅನ್ನೂದು ಬಿಟ್ಟುಹೋಗಿ, "ಮುಟ್ಟಬ್ಯಾಡ" ಅನ್ನೂದು ಉಳೀತು.

ಇದನ್ನೆಲ್ಲಾ ನನಗ ಕಲಿಸಿದಾಕಿ ಯಾರು ಗೊತ್ತೇನ್ರೀ? ಆ ರಾತ್ರಿ ಹುಟ್ಟಿದ ಕೂಸು. ಈಗ ಹುಬ್ಬಳ್ಳಿಯಾಗ ನೌಕರಿ, ಸ್ವಂತ ಥಾರ್ ಓಡಸ್ತಾಳ. ಹೋದ ಆಷಾಢದಾಗ ಬಂದಾಗ ನಾನು ಮುಂದ ಕುಂತಿದ್ದೆ. ತಗ್ಗಿಗೆ ಇನ್ನ ಐವತ್ತು ಮಾರು ಇರೂವಾಗ ಸಾವಕಾಶ ಮಾಡಿ, ಗಾಲಿ ನೆಟ್ಟಗಿಟ್ಟು, ಕೋಲು 4ಎಚ್‌ಗೆ ಎಳದ್ಲು. ನಾನು "ಹುಗದಿಲ್ಲಲ್ಲವಾ, ಈಗ್ಯಾಕ?" ಅಂದೆ. "ಹುಗದ ಮ್ಯಾಲೆ ಹಾಕಿದ್ರ ಏನು ಬಂತು ಅತ್ತಿ, ಹೋಗೂ ಮುಂಚೆ ಹಾಕೂದು" ಅಂದ್ಲು. ಗಾಡಿ ಎಮ್ಮಿ ಕೆರಿ ದಾಟಿದಂಗ ದಾಟಿ ಹೋತು. ನನಗ ಮಾತು ಬರಲಿಲ್ಲ. ಆಕಿಗೆ ಆ ರಾತ್ರಿದು ಎಷ್ಟು ಗೊತ್ತು ಅಂತ ನಾನು ಕೇಳಿಲ್ಲ, ಆಕಿನೂ ಹೇಳಿಲ್ಲ.

ಮನಿಗೆ ಬಂದು ಆಕಿ ಹಿತ್ತಲದ ಜೀಪ್ ಹತ್ತಿದ್ಲು. "ಅತ್ತಿ, ಇದಕ್ಕೊಂದು ಪಟ್ಟಿ ಇರಬೇಕಲ್ಲ" ಅಂದ್ಲು. ನಾನು ಚನ್ನಬಸವಣ್ಣನ ಫೋಟೋಕ್ಕ ಕೈ ಮುಗದು, ಬಿಸಿನೀರಿನ ಅರಿವಿ ಒತ್ತಿ, ಸಾವಕಾಶ ಬಿಡಿಸಿ ದೇವರ ಜಗಲಿಗೆ ಇಟ್ಟೆ. ಕೆಳಗಿನ ತಗಡು ಬೂದಿ ಹಚ್ಚಿ ತಿಕ್ಕಿದೆ. ಮೂರೂ ಕೋಲಿನ ಚಿತ್ರ, ಯಾವುದು ಯಾವ ಕಡೆ ಎಳದ್ರ ಏನು, ಒಣ ಗಟ್ಟಿ ರಸ್ತೆ ಮ್ಯಾಲೆ ಮುಂದಿನ ಗಾಲಿ ಬಿಡಿಸ್ರಿ ಅನ್ನೂ ಎಚ್ಚರಿಕೆ, ಎಲ್ಲಾ ಇಂಗ್ಲಿಷಿನ್ಯಾಗ ಐದಾರು ಸಾಲು. ಪಿಯುಸಿ ಓದಿದಾಕಿಗೆ ಕಷ್ಟದ ಇಂಗ್ಲಿಷಲ್ಲ. ಮೂರು ವರ್ಷ ಆ ಜೀಪಿನ್ಯಾಗ ಕುಂತು ಓಡಾಡೇನಿ, ಆ ರಾತ್ರಿಗೂ ಮೊದಲ.

ಗಿಡ್ಡ ಕೋಲು ಎರಡೂ ಜಂಗು ಹಿಡದು ಅಳ್ಳಾಡಲಿಲ್ಲ. ದಿನಾ ಸಂಜೀಕೆ ಬುಡಕ್ಕ ಎಣ್ಣಿ ಬಿಟ್ಟೆ. ನಮ್ಮನಿಯವರು ದೂರ ನಿಂತು ನೋಡತಿದ್ರು, ಏನೂ ಅನ್ನಲಿಲ್ಲ. ಆರನೇ ದಿನ ತಾವ ಬಂದು ಕೆಳಗ ಮಲಗಿ ಸುತ್ತಿಗಿಲೆ ಮೆಲ್ಲಕ ಬಡದ್ರು. "ಈಗ ಎಳಿ" ಅಂದ್ರು. ಎರಡೂ ಕೈ ಹಚ್ಚಿ ಎಳದೆ. ಟಕ್ ಅಂತು, ಕೋಳಿ ಹೆದರಿ ಹೊರಗ ಹಾರಿದ್ವು.